ಟೆಸ್ಟ್ ಡ್ರೈವ್ ಮಾವ

ಮನೆಯವರೆಲ್ಲ ಕೂರಬೇಕು. ತೋಟದ ಕಾಯಿ, ಹೊಲದ ಜೋಳ, ಶುಂಠಿ ಹಾಕಿದ ವರ್ಷ ಶುಂಠಿ, ಎಲ್ಲವನ್ನೂ ಹೇರಬೇಕು. ಮಳೆಗಾಲದ ಕೆಸರಿನಲ್ಲಿ ಹೂತುಕೊಳ್ಳಬಾರದು. ಡೀಸೆಲ್ಲನ್ನು ಮೂಸಿ ನೋಡಿಯೇ ಓಡಬೇಕು. ಇಂಥದ್ದೊಂದು ಪಿಕಪ್ ಗಾಡಿಗಾಗಿ ಹುಲಿಕೆರೆಯ ನಮ್ಮ ಮಾವನೊಬ್ಬರು ಹುಡುಕಾಟ ಶುರುಮಾಡಿದಾಗ ಅವರ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅವಳು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮಾವ ಇನ್ನೂ ಹುಡುಕುತ್ತಿದ್ದಾರೆ.

ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಜಾವಗಲ್ಲಿನಿಂದ ಒಬ್ಬರು, ಬಾಣಾವರದಿಂದ ಇಬ್ಬರು, ಬೇಲೂರು ಕಡೆಯಿಂದ ಒಂದು ಗುಂಪು ‘ಇದು ನನ್ನ ಮೇಲೇ ಬರೆದದ್ದು’ ಎಂದು ಜಗಳಕ್ಕೆ ಬರುವುದು ಖಂಡಿತ. ಹಳೇಬೀಡಿನ ಸುತ್ತ ಈ ತಳಿ ಅಷ್ಟು ಹುಲುಸಾಗಿದೆ. ಊರಿನವರ ಬಾಯಲ್ಲಿ ಇವರು ಟೆಸ್ಟ್ ಡ್ರೈವ್ ಗೌಡ್ರು. ನನಗೆ ವರಸೆಯಲ್ಲಿ ಮಾವ.

ಅಂಗಿಯ ಜೇಬಿನಲ್ಲಿ ಅಳತೆಯ ಟೇಪು, ಪ್ಯಾಂಟಿನ ಜೇಬಿನಲ್ಲಿ ಪುಟ್ಟ ಟಾರ್ಚು, ಮೊಬೈಲಿನ ತುಂಬ ಗಾಡಿಗಳ ವಿಡಿಯೊ. ಸುತ್ತಮುತ್ತ ಯಾರೇ ಹಳೇ ಗಾಡಿ ಕೊಳ್ಳಲಿ, ಮೊದಲು ಮಾವನಿಗೆ ಕರೆ ಬರುತ್ತದೆ. ಕರೆ ಬರದಿದ್ದರೂ ಇವರು ಹೋಗುತ್ತಾರೆ. ಹೋದವರು ಗಾಡಿಯ ಹತ್ತಿರ ನೇರವಾಗಿ ಬರುವುದಿಲ್ಲ. ದೂರದಲ್ಲಿ ನಿಂತು, ತಲೆ ವಾರೆ ಮಾಡಿ, ಗಾಡಿ ಒಂದು ಕಡೆಗೆ ವಾಲಿದೆಯೇ ಎಂದು ನೋಡುತ್ತಾರೆ. ಆಮೇಲೆ ಬಾನೆಟ್ ತೆಗೆಸಿ, ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿಸುತ್ತಾರೆ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದಿದೆ ಎಂದರ್ಥ. ಸೈಲೆನ್ಸರ್ ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಹಿಂದಿನ ತೊಟ್ಟಿಯೊಳಗೆ ಹತ್ತಿ, ಬಗ್ಗಿ, ಮೂಲೆಗೆ ಮೂಗಿಟ್ಟು ಮೂಸುತ್ತಾರೆ. ಒಮ್ಮೆ ಹೀಗೆ ಮೂಸಿ ಎದ್ದವರು ಮಾರುವವನ ಮುಖ ನೋಡಿ, ‘ಮಂಗಳೂರು ಮೀನು’ ಅಂದರು. ಅವನು ತಬ್ಬಿಬ್ಬಾದ. ಮೀನಿನ ಐಸು ಕರಗಿ ಸೋರಿದ ಉಪ್ಪುನೀರು ಷಾಸಿಯನ್ನು ಒಳಗಿಂದೊಳಗೇ ತಿನ್ನುತ್ತದೆ, ಮೇಲೆ ಎಷ್ಟು ಪೇಂಟ್ ಬಳಿದರೂ ವಾಸನೆ ಹೋಗುವುದಿಲ್ಲ. ಈ ವಿದ್ಯೆಯಲ್ಲಿ ಮಾವನನ್ನು ಮೀರಿಸುವವರಿಲ್ಲ, ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಷಾಸಿಯ ವಿಷಯಕ್ಕೆ ಬಂದರೆ ಮಾವನಿಗೆ ಭಕ್ತಿಯೇ ಉಕ್ಕುತ್ತದೆ. ಕಾರಿಗೂ ಪಿಕಪ್ಪಿಗೂ ಏನು ವ್ಯತ್ಯಾಸ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಮುಂದೆ ನಿಲ್ಲಿಸಿ ಪಾಠ ಹೇಳಿದರು. ‘ಕೆಳಗಿನ ಸಾಲು ನೋಡು, ಬರೀ ಆನೆ. ಯಾಕೆ? ಭಾರ ಹೊರೋದು ಅದು. ಅದೇ ಷಾಸಿ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ, ಮಹಾಭಾರತ, ಹಂಸ, ಅದೆಲ್ಲ ಬಾಡಿ. ಬೇಕಾದ್ರೆ ಬಾಡಿ ಬಿಚ್ಚಿ ಬೇರೆ ಕೂರಿಸಬಹುದು. ನಿನ್ನ ಕಾರಲ್ಲಿ ಆನೇನೇ ಇಲ್ಲ ಕಣೋ. ಬರೀ ಹಂಸ.’ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಯ ಬಗ್ಗೆ ವಿದ್ವಾಂಸರು ಬರೆಯದೆ ಬಿಟ್ಟದ್ದು ಇದೊಂದೇ ಇರಬೇಕು. ಪಕ್ಕದಲ್ಲಿದ್ದ ಗೈಡ್ ತನ್ನ ಪ್ರವಾಸಿಗರನ್ನು ಬಿಟ್ಟು ಇವರ ಮಾತು ಕೇಳುತ್ತ ನಿಂತಿದ್ದ.

ಹೊಸ ಗಾಡಿಗಳ ಚರಿತ್ರೆಯೆಲ್ಲ ಮಾವನಿಗೆ ಬಾಯಿಪಾಠ. 2005ರಲ್ಲಿ ಟಾಟಾ ಏಸ್ ಬಂದಾಗ ಅದನ್ನು ನೋಡಿ ನಕ್ಕರು. ಚೋಟಾ ಹಾಥಿ ಎಂದು ಹೆಸರಾದ ಆ ಗಾಡಿ ಊರೂರಿನ ಸೊಪ್ಪು, ಹಾಲು, ಶಾಮಿಯಾನ ಹೊತ್ತು ಎಷ್ಟೋ ಹುಡುಗರ ಹೊಟ್ಟೆ ತುಂಬಿಸಿದ ಮೇಲೆ, ‘ಆವತ್ತೇ ತಗೋಬೇಕಿತ್ತು, ಈಗ ಟೈಮ್ ಹೋಯ್ತು’ ಅಂದರು. ಬೊಲೆರೊ ಪಿಕಪ್ಪಿನಲ್ಲಿ 1.3 ಟನ್ನಿನದು, 1.7 ಟನ್ನಿನದು ಇದೆ ಎಂದರೆ, ‘1700 ಕೇಜಿ ಅಂದ್ರೆ 60 ಕೇಜಿ ಶುಂಠಿ ಚೀಲ 28, ಮೇಲೆ ಒಬ್ಬ ಸಣ್ಣ ಹುಡುಗ’ ಎಂದು ಆ ಕ್ಷಣವೇ ಲೆಕ್ಕ ಒಪ್ಪಿಸುತ್ತಾರೆ. ಆದರೆ ಅದರಲ್ಲಿ ಮುಂದಿನ ಸೀಟು ಮಾತ್ರ, ಸಂಸಾರ ಹಿಡಿಯುವುದಿಲ್ಲ. ಕ್ಯಾಂಪರ್ ಆದರೆ ಹಿಂದೆಯೂ ಸೀಟಿದೆ, ಐದು ಜನ ಕೂರಬಹುದು, ಆದರೆ ತೊಟ್ಟಿ ಮೋಟು. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು. ಎರಡೂ ಬಂದ ಹೊಸದರಲ್ಲಿ ಮಾವ ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ, ಅತ್ತೆ ಹೇಳಿದ್ದು.

ಹೈಲಕ್ಸಿನ ಕೀರ್ತಿ ದೊಡ್ಡದು. ಬ್ರಿಟನ್ನಿನ ಟಾಪ್ ಗೇರ್ ಎಂಬ ಟೀವಿ ಕಾರ್ಯಕ್ರಮದವರು 2003ರಲ್ಲಿ ಒಂದು ಹಳೇ ಡೀಸೆಲ್ ಹೈಲಕ್ಸನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೊನೆಗೆ ಕೆಡವುವ ಕಟ್ಟಡವೊಂದರ ನೆತ್ತಿಯ ಮೇಲಿಟ್ಟು ಕಟ್ಟಡವನ್ನೇ ಉರುಳಿಸಿದರು. ಅವಶೇಷದಿಂದ ಎಳೆದು ರಿಪೇರಿ ಮಾಡಿದಾಗ ಅದು ಸ್ಟಾರ್ಟ್ ಆಯಿತು. ಈ ವಿಡಿಯೊವನ್ನು ಮಾವನಿಗೆ ತೋರಿಸಿದೆ. ಕಣ್ಣು ಕೀಳದೆ ಪೂರಾ ನೋಡಿದರು. ನೋಡಿ, ‘ಅದೆಲ್ಲ ಸರಿ. ಆಷಾಢದಲ್ಲಿ ನಮ್ಮ ತೋಟದ ದಾರೀಲಿ ಬಿಟ್ಟಿದ್ರಾ?’ ಅಂದರು.

ಅದನ್ನೂ ನೋಡಿಯೇ ಬಿಡೋಣ ಎಂದು ಒಂದು ದಿನ ದೊಡ್ಡ ಡಬಲ್ ಕ್ಯಾಬ್ ಗಾಡಿಯೊಂದನ್ನು ಮನೆ ಬಾಗಿಲಿಗೇ ತರಿಸಿದರು. ಯಾವ ಶೋರೂಮು ಎಂಬುದು ಬೇಡ, ಬಂದ ಹುಡುಗ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ ಎಂಬುದು ಅವನನ್ನು ನೋಡಿದರೇ ತಿಳಿಯುತ್ತಿತ್ತು. ಟೈ ಕಟ್ಟಿದ್ದ. ‘ಸರ್, ಐದು ಕಿಲೋಮೀಟರ್ ಡ್ರೈವ್ ಮಾಡಿ ನೋಡಬಹುದು’ ಅಂದ.

‘ಖಾಲಿ ಗಾಡಿ ಯಾರು ಬೇಕಾದ್ರೂ ಓಡಿಸ್ತಾರೆ ಕಣಪ್ಪ. ಗಾಡಿ ತಗೊಳ್ಳೋದು ಮೂರು ಕೆಲಸಕ್ಕೆ. ಮನೆಗೆ, ದುಡಿಮೆಗೆ, ಕೆಸರಿಗೆ. ಮೂರೂ ಪರೀಕ್ಷೆ ಆಗ್ಬೇಕಲ್ಲ?’

ಮೊದಲು ಮನೆ. ಅಜ್ಜಿಯನ್ನು ಹತ್ತಿಸಬೇಕು. ಪಿಕಪ್ಪಿನ ಮೆಟ್ಟಿಲು ಅಜ್ಜಿಯ ಸೊಂಟದೆತ್ತರಕ್ಕಿತ್ತು. ಹಾಲು ಕರೆಯುವ ಮಣೆ ತಂದಿಟ್ಟರು, ಸಾಲಲಿಲ್ಲ. ಅದರ ಮೇಲೊಂದು ಇಟ್ಟಿಗೆ. ಟೈ ಹುಡುಗ ಒಂದು ರಟ್ಟೆ ಹಿಡಿದ, ಮಾವ ಇನ್ನೊಂದು ರಟ್ಟೆ. ಹತ್ತಿ ಕೂತ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ, ‘ಇನ್ನು ನನ್ನ ಇಳಿಸಬ್ಯಾಡಿ, ಊಟಾನೂ ಇಲ್ಲಿಗೇ ತಂದುಕೊಡಿ’ ಅಂದರು. ಹಾಗೆ ಹತ್ತಿದವರನ್ನು ಹಳೇಬೀಡಿನ ಆಸ್ಪತ್ರೆಗೆ ಕರೆದೊಯ್ದು ಬಿಪಿ ತೋರಿಸಿಕೊಂಡು ಬರಲಾಯಿತು. ಪರೀಕ್ಷೆಯ ಭಾಗವಾಗಿಯೇ.

ಎರಡನೆಯದು ದುಡಿಮೆ. ಅಂಗಳದಲ್ಲಿ ಜೋಳದ ಚೀಲ ಹೊಲಿದು ಇಟ್ಟದ್ದು ಆಕಸ್ಮಿಕ ಎಂದು ಮಾವ ಇವತ್ತಿಗೂ ಹೇಳುತ್ತಾರೆ. ಹುಡುಗ ಹೊಸ ಗಾಡಿಗೆ ಗೀರು ಬೀಳುತ್ತೆ ಸರ್ ಎಂದು ಗೋಗರೆದ. ಗೋಣಿತಾಟು ಹಾಸಿದರು. ಆಳು ಬಂದಿರಲಿಲ್ಲವಾಗಿ ಒಂದು ಕಡೆಯಿಂದ ಚೀಲ ಹಿಡಿಯಲು ಹುಡುಗನೇ ಆಗಬೇಕಾಯಿತು. ಟೈಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡ. ಜೋಳ ಜಾವಗಲ್ ಸೇರಿತು.

ಕೆಸರಿನ ಪರೀಕ್ಷೆ ಸಂಜೆ. ಕಂಪನಿಯವರು 700 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಎಂದು ಹೇಳುವ ಗಾಡಿಯ ಲೆಕ್ಕವನ್ನು ಮಾವ ಮೊದಲೇ ಓದಿಕೊಂಡಿದ್ದರು. ಟೇಪು ತೆಗೆದು ತಮ್ಮ ಕಾಲಿಗೆ ಹಿಡಿದರು. ಎರಡೂಕಾಲು ಅಡಿ, ಮೊಣಕಾಲ ಮೇಲೆ ಗೇಣುದ್ದ. ನೇರ ಹಳ್ಳಕ್ಕೆ ಇಳಿದು ನಿಂತು, ನೀರು ಎಲ್ಲಿಗೆ ಬರುತ್ತದೆ ನೋಡಿಕೊಂಡು, ‘ಬಾ’ ಎಂದು ಕೈ ಬೀಸಿದರು. ಹುಡುಗ ಗುಂಡಿ ತಿರುಗಿಸಿ ನಾಲ್ಕೂ ಚಕ್ರಕ್ಕೆ ಹಾಕಿದ. ಗಾಡಿ ಸಲೀಸಾಗಿ ದಾಟಿತು. ಮಾವನ ಚಪ್ಪಲಿ ಮಾತ್ರ ಅಲ್ಲೇ ಉಳಿಯಿತು. ಖುಷಿಗೆ ಹುಡುಗನನ್ನು ಊರಿನ ಹೊಯ್ಸಳರ ಕೊಳಕ್ಕೆ ಕರೆದೊಯ್ದು ಮೆಟ್ಟಿಲು, ಪುಟ್ಟ ಗುಡಿಗಳನ್ನೆಲ್ಲ ತೋರಿಸಿ, ಮನೆಯಲ್ಲಿ ಅಕ್ಕಿರೊಟ್ಟಿ ತಿನ್ನಿಸಿ ಕಳಿಸಿದರು. ‘ಬುಕ್ಕಿಂಗ್ ಸರ್?’ ಎಂದು ಅವನು ಬಾಗಿಲಲ್ಲಿ ಕೇಳಿದ. ಮಾವ ಟೇಪಿನಿಂದ ಗಾಡಿಯ ಉದ್ದ ಅಳೆದರು. ಹದಿನೇಳೂವರೆ ಅಡಿ. ಕೊಟ್ಟಿಗೆ ಪಕ್ಕದ ಶೆಡ್ಡು ಹದಿನೈದು. ‘ಮೂತಿ ಮಳೇಲಿ ನೆನೆಯುತ್ತಲ್ಲಪ್ಪ’ ಅಂದರು. ಆ ಹುಡುಗ ಈಗ ಇವರ ನಂಬರ್ ನೋಡಿದರೆ ಫೋನ್ ಎತ್ತುವುದಿಲ್ಲ.

ಬೆಲೆಯ ಮಾತೇ ಬರಲಿಲ್ಲ ನೋಡಿ. 30 ಲಕ್ಷದ ಆಸುಪಾಸಿನ ಗಾಡಿಯನ್ನು ಬೇಡವೆನ್ನಲು ಅಷ್ಟು ಹಣವಿಲ್ಲ ಎಂಬ ಒಂದೇ ಕಾರಣ ಸಾಕು. ಆದರೆ ಈ ತಳಿಯವರು ಆ ಕಾರಣವನ್ನು ಎಂದೂ ಕೊಡುವುದಿಲ್ಲ. ತಾಂತ್ರಿಕ ಕಾರಣವೇ ಬೇಕು.

ತಾಂತ್ರಿಕ ಕಾರಣಗಳಿಗೆ ಬರವಿಲ್ಲ. ಪಿಕಪ್ಪಿನ ಹಿಂದಿರುವುದು ಪ್ಲೇಟ್ ಸೆಟ್ಟು, ಭಾರ ಹೊರುವುದಕ್ಕೆ ಮಾಡಿದ್ದು. ಖಾಲಿ ಇದ್ದಾಗ ಅದು ಬಗ್ಗುವುದಿಲ್ಲ, ಹಂಪು ಬಂದಾಗಲೆಲ್ಲ ಹಿಂದೆ ಕೂತವರು ಸೀಟು ಬಿಟ್ಟು ಮೇಲೇಳುತ್ತಾರೆ. ತೊಟ್ಟಿಗೆ ಎರಡು ಮೂರು ಕ್ವಿಂಟಲ್ ಹಾಕಿದರೆ ಮೆತ್ತಗಾಗುತ್ತದೆ. ಇದನ್ನು ತಿಳಿದ ಮಾವ, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಸಂಸಾರ ಸಮೇತ ಹೋಗುವುದಾದರೆ ಹಿಂದೆ ತೆಂಗಿನಕಾಯಿ ಮೂಟೆ ಹೇರಿಕೊಂಡು ಹೋಗಬೇಕು, ಅಲ್ಲೇ ಮಾರಿದರಾಯಿತು ಎಂದು ಯೋಜನೆ ಹಾಕಿದರು. ‘ಮಾರಿದ ಮೇಲೆ ಬರುವಾಗ?’ ಅಂದರು ಅತ್ತೆ. ಮಾವ ಎರಡು ದಿನ ಯೋಚಿಸಿದರು. ಬರುವಾಗ ಹೇರುವುದಕ್ಕೆ ಏನೂ ಹೊಳೆಯದೆ ಆ ಯೋಜನೆಯನ್ನೇ ಕೈಬಿಟ್ಟರು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದದ್ದಂತೂ ಮಾವನಿಗೆ ಸರ್ಕಾರವೇ ಕೊಟ್ಟ ಉಡುಗೊರೆ. ಡೀಸೆಲ್ ಹೊಗೆಯ ಮಸಿ ಹಿಡಿಯಲು ಸೈಲೆನ್ಸರಿನ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿ ಕೂರಿಸುತ್ತಾರೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ನಿಧಾನವಾಗಿ ಓಡಾಡಿಕೊಂಡಿದ್ದರೆ ಅದರಲ್ಲಿ ಮಸಿ ಕಟ್ಟುತ್ತದೆ. ಆಗಾಗ ಹೈವೇಯಲ್ಲಿ ಒಂದಷ್ಟು ಹೊತ್ತು ಜೋರಾಗಿ ಓಡಿಸಿದರೆ ಒಳಗೆ ಕಾವು ಏರಿ ಮಸಿ ಸುಟ್ಟುಹೋಗುತ್ತದೆ. ‘ಅಂದ್ರೆ ಕೆಲಸ ಇಲ್ಲದಿದ್ರೂ ಮಸಿ ಸುಡೋಕೆ ಹಾಸನಕ್ಕೆ ಹೋಗಿ ಬರ್ಬೇಕು!’ ಎಂದು ಮಾವ ಊರೆಲ್ಲ ಸಾರಿದರು. ಅತ್ತೆ ರೊಟ್ಟಿ ತಟ್ಟುತ್ತಲೇ, ‘ರೀ, ಆ ಜಾಲರಿ ತಲೆಗೂ ಸಿಗುತ್ತಾ ವಿಚಾರಿಸಿ’ ಅಂದರು.

ಇಷ್ಟೆಲ್ಲ ಆದರೂ ಇವರು ಯಾಕೆ ಕೊಳ್ಳುವುದಿಲ್ಲ ಎಂಬುದು ನನಗೆ ತಿಳಿದದ್ದು ಹಳೇಬೀಡು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಅಂದು ಮಾವನಿಗೆ ಮಾತಾಡುವ ಹುರುಪಿತ್ತು.

‘ಲೇ, ಕಾರಿದ್ರೆ ಊರವರು ಮದುವೇಗೆ ಕೇಳ್ತಾರೆ, ಅಷ್ಟೇ. ಟ್ರಾಕ್ಟರ್ ಇದ್ರೆ ಉಳೋಕೆ ಕೇಳ್ತಾರೆ, ಗಂಟೆಗಿಷ್ಟು ಅಂತ ದುಡ್ಡು ಕೊಡ್ತಾರೆ. ಪಿಕಪ್ ಇದ್ರೆ? ಗಣಪತಿ ಬಿಡೋಕೆ ಅದೇ. ಬೀಗರೂಟದ ಪಾತ್ರೆಗೆ ಅದೇ. ಹಸು ಈಯೋಕೆ ಆಗದೆ ಒದ್ದಾಡ್ತಿದ್ರೆ ರಾತ್ರಿ ಎರಡು ಗಂಟೇಲಿ ಬಾಗಿಲು ತಟ್ತಾರೆ. ಪುಷ್ಪಗಿರಿ ಜಾತ್ರೆಗೆ ಮೂವತ್ತು ಜನ ಹತ್ತಿ ನಿಂತ್ಕೋತಾರೆ, ಪೊಲೀಸ್ನೋರು ಹಿಡಿದ್ರೆ ದಂಡ ನಂದು. ಬಾಡಿಗೆ ಕೇಳೋಕಾಗುತ್ತಾ? ಎಲ್ಲ ನಮ್ಮೋರೇ. ಡೀಸೆಲ್ ಹಾಕಿಸ್ತೀನಿ ಮಾವ ಅಂತಾರೆ, ಇನ್ನೂರು ರೂಪಾಯಿಗೆ ಹಾಕಿಸ್ತಾರೆ. ಆಗಲ್ಲ ಅಂದ್ರೆ ನಾಳೆ ನಮ್ಮನೇಲಿ ಏನಾದ್ರೂ ಆದ್ರೆ ಹೆಗಲು ಕೊಡೋಕೆ ಯಾರು ಬರ್ತಾರೆ?’

ಹಾಗಾದರೆ ಮಾವ ಅಳೆಯುತ್ತಿದ್ದದ್ದು ಇದನ್ನು. ತಮ್ಮ ಮೂಟೆಯೆಲ್ಲ ಹಿಡಿಯುವಷ್ಟು ದೊಡ್ಡದು, ಊರಿನವರ ಕಣ್ಣಿಗೆ ಬೀಳದಷ್ಟು ಸಣ್ಣದು, ಅಂಥ ತೊಟ್ಟಿ. ಮಹೀಂದ್ರಾದವರಾಗಲಿ, ಟೊಯೋಟಾದ ನಮ್ಮ ಬಿಡದಿ ಕಾರ್ಖಾನೆಯವರಾಗಲಿ ಇನ್ನೂ ಮಾಡಿಲ್ಲ. ಮಾಡಿದ ದಿನ ಕರ್ನಾಟಕದ ಅರ್ಧ ರೈತರು ಸಾಲಿನಲ್ಲಿ ನಿಲ್ಲುತ್ತಾರೆ ಎಂದು ನನಗೂ ಅನ್ನಿಸುತ್ತದೆ.

ಈ ನಡುವೆ ಮಾವನ ಅಣ್ಣನ ಮಗ ಹಳೇ ಬೊಲೆರೊ ಪಿಕಪ್ಪೊಂದನ್ನು ನೋಡಿದ. ಪದ್ಧತಿಯಂತೆ ಮಾವ ಹೋದರು, ದೂರ ನಿಂತರು, ಮುಚ್ಚಳ ಬಿಚ್ಚಿಸಿದರು, ಮೂಸಿದರು. ಕ್ಲಚ್ ಸವೆದಿದೆ, ಮುಂದಿನ ಟೈರು ಒಂದೇ ಕಡೆ ತಿಂದಿದೆ, ಬಾಗಿಲ ರಬ್ಬರ್ ಒರಿಜಿನಲ್ ಅಲ್ಲ, ಎಲ್ಲೋ ಗುದ್ದಿ ಟಿಂಕರಿಂಗ್ ಆಗಿದೆ, ಮುಟ್ಟಬೇಡ ಅಂದರು. ಹುಡುಗ ಎಲ್ಲಕ್ಕೂ ತಲೆಯಾಡಿಸಿ, ಇವರು ಹೇಳಿದ ಒಂದೊಂದು ದೋಷಕ್ಕೂ ಇಷ್ಟಿಷ್ಟು ಎಂದು ಬೆಲೆ ಇಳಿಸಿ, ಮಾರನೆಯ ದಿನವೇ ಕೊಂಡುಬಿಟ್ಟ. ಮಾವ ಒಂದು ವಾರ ಅವನನ್ನು ಮಾತಾಡಿಸಲಿಲ್ಲ. ಎಂಟನೆಯ ದಿನ ಅರಸೀಕೆರೆಗೆ ಕಾಯಿ ಹಾಕಬೇಕಿತ್ತು.

ಈಗ ಆ ಗಾಡಿ ಹೆಚ್ಚಾಗಿ ಮಾವನ ಅಂಗಳದಲ್ಲೇ ಇರುತ್ತದೆ. ಹದಿನೈದು ಅಡಿಯ ಶೆಡ್ಡಿನಿಂದ ಮೂತಿ ಹೊರಗೆ ಚಾಚಿ ಮಳೆಯಲ್ಲಿ ನೆನೆಯುತ್ತದೆ. ಮೊನ್ನೆ ಕತ್ತಲಾದ ಮೇಲೆ ಬೀಗದ ಕೈ ಕೊಡಲು ಬಂದ ಮಾವ ಹೊಸಿಲ ಹೊರಗೇ ನಿಂತು ಹುಡುಗನಿಗೆ ಹೇಳುತ್ತಿದ್ದರು:

‘ಹಿಂದಿನ ಎಡಗಡೆ ಟೈರಿಗೆ ಗಾಳಿ ಕಮ್ಮಿ ಇದೆ. ಹಾರ್ನ್ ಒಂದೊಂದು ಸಲ ಬರಲ್ಲ. ಡೀಸೆಲ್ ಕಡ್ಡಿ ಕೆಳಗೆ ಬಂದಿದೆ. ನಾನಾವತ್ತೇ ಹೇಳ್ದೆ ತಗೋಬೇಡ ಅಂತ. ನಾಳೆ ಆರು ಗಂಟೆಗೆ ಬತ್ತೀನಿ, ಅಷ್ಟೊತ್ತಿಗೆ ಸರಿ ಮಾಡ್ಸಿಟ್ಟಿರು.’