ಕರಿಬೇವಿನ ಬಾಣಂತನ

ನಮ್ಮ ಮನೆಗೆ ಹೇನು ಬಿದ್ದ ಸುದ್ದಿ ಮಗಳ ಶಾಲೆಗೆ ಮುಟ್ಟಿದ್ದು ಫೆಬ್ರವರಿಯಲ್ಲಿ. ಬಿದ್ದದ್ದು ಅದಕ್ಕೂ ಮೂರು ವಾರ ಮುಂಚೆ. ಆ ಮೂರು ವಾರದ ಕಥೆ ಬಿಟ್ಟು ಶಾಲೆಯದಷ್ಟೇ ಹೇಳಿದರೆ ನೀವೂ ಆ ನರ್ಸಮ್ಮನ ಹಾಗೆ ನಮ್ಮ ಮನೆಯ ಬಗ್ಗೆ ಏನೇನೋ ಅಂದುಕೊಂಡೀರಿ.

ನಾವಿರುವುದು ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್‌ನಲ್ಲಿ. ಜನವರಿಯಲ್ಲಿ ಮೈನಸ್ 25 ಡಿಗ್ರಿಗೂ ಇಳಿಯುವ ಈ ಊರಲ್ಲಿ ನಮ್ಮದೊಂದು ಕರಿಬೇವಿನ ಗಿಡ. ನಾಲ್ಕಡಿ ಎತ್ತರ, ವಯಸ್ಸಿನಲ್ಲಿ ಮಗಳಿಗಿಂತ ಎರಡು ತಿಂಗಳು ದೊಡ್ಡದು. ಮೇ ಕೊನೆಗೆ ಹೊರಗೆ, ಸೆಪ್ಟೆಂಬರ್ ಕೊನೆಗೆ ಒಳಗೆ. ಒಳಗೆ ಬಂದಾಗ ಊಟದ ಕೋಣೆಯ ದಕ್ಷಿಣದ ಕಿಟಕಿ ಅದರದ್ದೇ. ಅದಕ್ಕೆ ಬಿಸಿಲು ಬೀಳಲಿ ಅಂತ ಊಟದ ಮೇಜನ್ನು ಗೋಡೆಗೊತ್ತಿ, ಒಂದು ಕುರ್ಚಿಯನ್ನು ಬೇಸ್‌ಮೆಂಟಿಗೆ ಸಾಗಿಸಿದ್ದೇವೆ. ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ, ಇಲ್ಲವೆಂದಲ್ಲ. ಎರಡು ಡಾಲರಿಗೆ ಒಂದು ಪ್ಲಾಸ್ಟಿಕ್ ಪೊಟ್ಟಣ, ಒಳಗೆ ಅಂಚು ಕಪ್ಪಗಾದ ಹತ್ತು ಎಸಳು. ಅದನ್ನು ಒಗ್ಗರಣೆಗೆ ಹಾಕಿದರೆ ಚಟಪಟ ಅನ್ನುತ್ತದೆ, ಅಷ್ಟೆ. ಹಾಗಾಗಿ ಕನ್ನಡ ಕೂಟದವರು ಮನೆಗೆ ಬಂದರೆ ಮೊದಲು ಗಿಡವನ್ನು ಮಾತಾಡಿಸುತ್ತಾರೆ, ಆಮೇಲೆ ನಮ್ಮನ್ನು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಒಂದೇ ಎಸಳು" ಅನ್ನುತ್ತಾರೆ. ಆ ಒಂದು ಯಾವತ್ತೂ ಒಂದಾಗಿದ್ದಿಲ್ಲ.

ನವೆಂಬರಿನಲ್ಲಿ ಮಂಡ್ಯದಿಂದ ಅತ್ತೆ ಮಾವ ಬಂದರು. ಅತ್ತೆ ಸೀರೆಯ ಮಡಿಕೆಯೊಳಗೆ ಒಂದು ಕಂತೆ ಕರಿಬೇವು ಇಟ್ಟು ತಂದಿದ್ದರು. ಏರ್‌ಪೋರ್ಟಿನಲ್ಲಿ ಅದನ್ನು ತೆಗೆದು ಬುಟ್ಟಿಗೆ ಹಾಕಿದರಂತೆ. ಅದಕ್ಕಿಂತ ಅತ್ತೆಗೆ ಉರಿದದ್ದು, ಮಾವ ಆ ಅಧಿಕಾರಿಯ ಪಕ್ಷ ವಹಿಸಿದ್ದು. ಮಾವ ನಿವೃತ್ತ ಸಹಾಯಕ ಕೃಷಿ ಅಧಿಕಾರಿ. ಕಾರಿನಲ್ಲಿ ಹಿಂದೆ ಕೂತು ಮನೆ ಬರುವವರೆಗೂ ವಿವರಿಸಿದರು: ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದು, ಕಿತ್ತಳೆಗೆ ರೋಗ ಹೊತ್ತು ತರುವ ಒಂದು ಪುಟ್ಟ ಜಿಗಿಹುಳು ಕರಿಬೇವಿನ ಮೇಲೂ ಕೂರುತ್ತೆ, ಫ್ಲೋರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿಕೊಂಡು ತೋಟತೋಟಗಳೇ ಹೋದವು. "ಅವ್ನು ಮಾಡಿದ್ದು ಸರಿಯಾಗೇ ಅದೆ." ಅತ್ತೆ ಎರಡು ದಿನ ಮಾತಾಡಲಿಲ್ಲ. ಕಿಟಕಿಯ ಪಕ್ಕದ ಗಿಡ ನೋಡಿದ ಮೇಲೆ ಅದರ ಜೊತೆ ಮಾತಾಡಿದರು.

ಜನವರಿಯ ಒಂದು ಬೆಳಿಗ್ಗೆ ಗಿಡದ ಕೆಳಗಿನ ನೆಲ ಕಾಲಿಗೆ ಅಂಟಿತು. ಮಗಳು ಜ್ಯೂಸ್ ಚೆಲ್ಲಿದ್ದಾಳೆ ಅಂದುಕೊಂಡು ಅವಳನ್ನು ಬೈದೆ. ಮಾವ ಬಂದು, ಬಗ್ಗಿ, ಎಲೆಯ ಮೇಲಿನ ಹೊಳಪನ್ನು ಬೆರಳಿನಿಂದ ಸವರಿ, ನಾಲಗೆಗೆ ಇಟ್ಟುಕೊಂಡರು.

"ಸಿಹಿ," ಅಂದರು. "ಹೇನು."

ಅತ್ತೆ "ಥೂ!" ಅಂದರು. ಮಾವನ ಮುಖದಲ್ಲಿ ಮಾತ್ರ ನಿವೃತ್ತಿಯಾದ ದಿನದಿಂದ ಕಾಣದಿದ್ದ ಕಳೆ. ಚಿಗುರನ್ನು ಮಡಚಿ ತೋರಿಸಿದರು. ಎಳೆ ದಂಟಿನ ಸುತ್ತ ತಿಳಿಹಸಿರು ಚುಕ್ಕೆಗಳು, ಜಾತ್ರೆಯಲ್ಲಿ ತೇರಿಗೆ ಮುತ್ತಿದ ಜನದ ಹಾಗೆ. ನಡುನಡುವೆ ಬೂದುಬಿಳಿ ಸಿಪ್ಪೆಗಳು, ಅವು ಬೆಳೆದಂತೆ ಕಳಚಿಟ್ಟ ಪೊರೆ. ತಲೆ ಕೆಳಗೆ ನೆಟ್ಟು, ಹಿಂಭಾಗ ಮೇಲೆತ್ತಿ, ಒಂದೊಂದೂ ಸೊಂಡಿಲನ್ನು ದಂಟಿಗೆ ಚುಚ್ಚಿ ಕೂತಿದೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಸತ್ವ ಕಮ್ಮಿ. ಸತ್ವಕ್ಕೋಸ್ಕರ ಕುಡಿದು ಕುಡಿದು ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಬಿಡುತ್ತವೆ. ಮಾವ ನೆಕ್ಕಿ ನೋಡಿದ್ದು ಅದನ್ನೇ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಉಪನ್ಯಾಸ ಮುಂದುವರಿಯಿತು. "ಇವಕ್ಕೆ ಗಂಡೇ ಬೇಕಿಲ್ಲ. ಇಲ್ಲಿರೋದೆಲ್ಲ ಹೆಣ್ಣೇ, ಹೆರೋದೂ ಹೆಣ್ಣೇ."

"ಪುಣ್ಯವಂತೆಯರು," ಅಂದರು ಅತ್ತೆ, ಮಾವನ ತಟ್ಟೆಗೆ ಸಾರು ಬಡಿಸುತ್ತ.

ಮೊಟ್ಟೆ ಗಿಟ್ಟೆ ಇಲ್ಲ, ನೇರ ಮರಿಯೇ, ದಿನಕ್ಕೆ ನಾಲ್ಕೈದು. ಆ ಮರಿ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಬೆಚ್ಚಗಿನ ಮನೆಯಲ್ಲಿ ವಾರ ಹತ್ತು ದಿನಕ್ಕೆ ಮಗಳು ತಾಯಿ, ತಾಯಿ ಅಜ್ಜಿ. ನನಗೆ ಕೇಳಿ ಹೊಟ್ಟೆಯುರಿಯಿತು. ನನ್ನ ಒಂದೇ ಒಂದು ಬಾಣಂತನಕ್ಕೆ ಅತ್ತೆ ಚೆನ್ನೈಗೆ ಹೋಗಿ ವೀಸಾ ಸಂದರ್ಶನ, ಬ್ಯಾಂಕ್ ಪತ್ರ, ಆರು ಕೇಜಿ ಅಂಟಿನ ಉಂಡೆ. ಇವಕ್ಕೆ ಯಾವ ಕಾಗದವೂ ಬೇಡ; ಮೂರು ತಲೆಮಾರು ಒಂದೇ ಚಿಗುರಿನ ಮೇಲೆ ಸುಖವಾಗಿ ಅವಿಭಕ್ತ ಕುಟುಂಬ ನಡೆಸುತ್ತಿವೆ.

"ಡೈಮಿಥೋಯೇಟ್ ಲೀಟರಿಗೆ 1.7 ಮಿಲಿ," ಎಂದು ಮಾವ ಅಪ್ಪಣೆ ಕೊಡಿಸಿದರು. "ಎಕರೆಗೆ 200 ಲೀಟರ್ ದ್ರಾವಣ."

"ಮಾವ, ಇರೋದು ಒಂದೇ ಗಿಡ. ಅದೂ ಊಟದ ಮೇಜಿನ ಪಕ್ಕ. ಎಲೆ ಕಿತ್ತು ಸಾರಿಗೆ ಹಾಕ್ತೀವಿ."

ಮಾವ ಸ್ವಲ್ಪ ಹೊತ್ತು ಯೋಚಿಸಿ, ಇಲಾಖೆಯ ಶಿಫಾರಸನ್ನು ಹಿಂತೆಗೆದುಕೊಂಡರು. ನಮ್ಮವರು ಲ್ಯಾಪ್‌ಟಾಪ್ ತೆಗೆದು ಎಲೆವಾರು ಹೇನಿನ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಶುರು ಮಾಡಿದರು. ಅವರ ಪಾತ್ರ ಇಲ್ಲಿಗೆ ಮುಗಿಯಿತು.

ಅತ್ತೆಯ ಮದ್ದು ಒಲೆ ಬೂದಿ. "ಅವರೆ ಗಿಡಕ್ಕೆ ಬೆಳಗ್ಗೆ ಇಬ್ಬನಿ ಇರೋವಾಗ್ಲೇ ಎರಚಿಬುಡೋದು ಕಣಮ್ಮ, ಒಂದೂ ನಿಲ್ಲಾಕಿಲ್ಲ." ಸರಿ, ಆದರೆ ನಮ್ಮ ಒಲೆ ಕರೆಂಟಿನದ್ದು. ಪಕ್ಕದ ಮನೆಯ ಮುದುಕಪ್ಪ ಒಬ್ಬರೇ ಇರುವವರು, ಹಾಲ್‌ನಲ್ಲಿ ಸೌದೆ ಉರಿಸುತ್ತಾರೆ. ಅತ್ತೆಯನ್ನು ಕರೆದುಕೊಂಡು ಹೋಗಿ, ಒಂದು ಡಬ್ಬಿ ಹಿಡಿದು, "ನಿಮ್ಮ ಮನೆಯಲ್ಲಿ ಬೂದಿ ಇದ್ದರೆ ಸ್ವಲ್ಪ ಕೊಡ್ತೀರಾ? ನಮ್ಮತ್ತೆಗೆ ಬೇಕಂತೆ," ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆತ ಮಾತಾಡಲಿಲ್ಲ. ಕಣ್ಣು ನಿಧಾನವಾಗಿ ಬೆಂಕಿಗೂಡಿನ ಮೇಲಿನ ಹಲಗೆಯತ್ತ ಹೋಯಿತು. ಅಲ್ಲಿ ಹೆಂಡತಿಯ ಫೋಟೋ, ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಹಿತ್ತಾಳೆ ಕಲಶ. ನನಗೆ ಮೈ ಬೆವರಿತು. "ಮೇಲಿಂದಲ್ಲ, ಕೆಳಗಿಂದು!" ಅಂದುಬಿಟ್ಟೆ. ಅತ್ತೆಗೆ ಏನೂ ತಿಳಿಯದಿದ್ದರೂ ಕಲಶಕ್ಕೆ ಕೈ ಮುಗಿದರು. ಅದನ್ನು ನೋಡಿ ಆತ ಡಬ್ಬಿ ತುಂಬ ಬೂದಿ ಕೊಟ್ಟು, ಬಾಗಿಲವರೆಗೂ ಬಂದರು. ಆದರೆ ಮನೆಯೊಳಗೆ ಇಬ್ಬನಿ ಎಲ್ಲಿಂದ ಬರಬೇಕು? ಬೂದಿ ಎಲೆ ಮೇಲೆ ನಿಲ್ಲದೆ ಹೀಟರಿನ ಗಾಳಿಗೆ ಹಾರಿ ದೇವರ ಮನೆ ಸೇರಿತು.

ಮಗಳು ಕಿಟಕಿ ಚೌಕಟ್ಟಿನ ಸಂದಿಯಿಂದ ಮೂರು ಗುಲಗಂಜಿ ಹುಳು ಹಿಡಿದು ತಂದು ಗಿಡದ ಮೇಲೆ ಬಿಟ್ಟಳು. ಇವನ್ನು ಅಮೆರಿಕದವರು ಹಿಂದೆ ಏಷ್ಯಾದಿಂದ ಕರೆಸಿಕೊಂಡದ್ದೇ ಹೇನು ತಿನ್ನಲಿ ಅಂತ; ಈಗ ಚಳಿಗಾಲಕ್ಕೆ ಮನೆಗಳೊಳಗೆ ನುಗ್ಗಿ ಕೂರುತ್ತವೆ ಅಂತ ದೂರುತ್ತಾರೆ. ನಮ್ಮಲ್ಲಿ ಹಲವರು ಸಾಫ್ಟ್‌ವೇರ್ ಕೆಲಸಕ್ಕೆ ಬಂದದ್ದೂ ಹೆಚ್ಚುಕಮ್ಮಿ ಹೀಗೇ, ಆ ಮಾತು ಬಿಡಿ. ಮೂರರಲ್ಲಿ ಒಂದು ಹೊಟ್ಟೆ ತುಂಬ ತಿಂದಿತು, ಒಂದು ದೀಪಕ್ಕೆ ಹಾರಿತು, ಇನ್ನೊಂದು ಮಾವನ ಕನ್ನಡಕದ ಪೆಟ್ಟಿಗೆಯಲ್ಲಿ ಸಿಕ್ಕಿತು.

ಕೊನೆಗೆ ಉಳಿದದ್ದು ಸ್ನಾನ. ಹೇನಿನ ಮೈ ಮೆತ್ತಗೆ, ಮೇಲೊಂದು ಮೇಣದ ಲೇಪ. ಸೋಪಿನ ನೀರು ತಾಕಿದರೆ ಲೇಪ ಕರಗಿ ಒಣಗಿ ಸಾಯುತ್ತದೆ, ತಾಕದ್ದು ಬದುಕುತ್ತದೆ. ಅದಕ್ಕೇ ಎಲೆಯ ಅಡಿಭಾಗ ಮುಖ್ಯ. ಒಂದು ಸಲ ಮಾಡಿದರೆ ಸಾಲದು, ನಾಲ್ಕೈದು ದಿನಕ್ಕೊಮ್ಮೆ, ಮೂರು ವಾರ. ಲೀಟರ್ ನೀರಿಗೆ ಒಂದು ಚಮಚ ಸೋಪು, ಒಂದು ಚಮಚ ಬೇವಿನೆಣ್ಣೆ ಎಂದು ಮಾವ ಅಳತೆ ಕೊಟ್ಟರು. ಉಳಿದದ್ದು ಅತ್ತೆಯ ಇಲಾಖೆ.

ಬಚ್ಚಲುಮನೆಯ ಆ ದೃಶ್ಯ ನನಗೆ ಮರೆಯದು. ಅತ್ತೆ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ ಟಬ್ಬಿನೊಳಗೆ ಮಣೆ ಹಾಕಿಕೊಂಡು ಕೂತಿದ್ದಾರೆ. ಕಾಲು ಎರಡೂ ನೀಡಿದ್ದಾರೆ. ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಗಿಡವನ್ನು ಕಾಲಿನ ಮೇಲೆ ಅಡ್ಡ ಮಲಗಿಸಿಕೊಂಡಿದ್ದಾರೆ. ಎಡಗೈ ದಂಟಿನ ಕತ್ತಿನ ಕೆಳಗೆ. ಬಲಗೈ ಹೆಬ್ಬೆರಳು ಎಲೆಯ ಬೆನ್ನನ್ನು ತೊಟ್ಟಿನಿಂದ ತುದಿಗೆ ಸವರುತ್ತಿದೆ. ಏಳು ವರ್ಷದ ಹಿಂದೆ ಇದೇ ಟಬ್ಬಿನಲ್ಲಿ, ಇದೇ ಕಾಲಿನ ಮೇಲೆ ಮಗಳನ್ನು ಮಲಗಿಸಿಕೊಂಡು ಎಣ್ಣೆನೀರು ಹಾಕಿದ್ದರು. ನೀರು ಹೊಯ್ಯುವವಳು ಆಗಲೂ ನಾನೇ. ಆಗಲೂ ಬಿಸಿ ಜಾಸ್ತಿ ಅಂತ ಬೈಸಿಕೊಂಡಿದ್ದೆ. ಮುಗಿದ ಮೇಲೆ ಗಿಡಕ್ಕೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಡಲು ಹೋಗಿ, ಹೊಗೆಯ ಅಲಾರಾಂ ಬಡಿದುಕೊಂಡಿತು.

ಬೇವಿನೆಣ್ಣೆಯ ವಾಸನೆ ಗೊತ್ತಲ್ಲ. ಮೈನಸ್ 25ರಲ್ಲಿ ಕಿಟಕಿ ತೆಗೆಯುವಂತಿಲ್ಲ. ಕೋಟು, ಹೊದಿಕೆ, ಮಗಳ ಜಡೆ ಎಲ್ಲ ಅದೇ. ಪಕ್ಕದಲ್ಲಿ ಕೂರುವ ಹುಡುಗಿ ಶಾಲೆಯಲ್ಲಿ ಇದೇನು ವಾಸನೆ ಎಂದು ಕೇಳಿದ್ದಾಳೆ. ನಮ್ಮ ಮಗಳು ಭಾನುವಾರದ ಕನ್ನಡ ತರಗತಿಯಲ್ಲಿ ಅನುವಾದಕ್ಕೆ ಬಹುಮಾನ ಪಡೆದವಳು. ಹೇನು ಅಂದರೆ ಇಂಗ್ಲಿಷಿನಲ್ಲಿ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆ ತುಂಬ ಹೇನು, ಸಾವಿರಾರು, ಅಜ್ಜಿ ಟಬ್ಬಿನಲ್ಲಿ ಕೂತು ಹೆಬ್ಬೆರಳಿನಿಂದ ಅರೀತಾರೆ, ತಾತ ನೆಕ್ಕಿ ಕಂಡುಹಿಡಿದರು ಎಂದು ಒಂದನ್ನೂ ಬಿಡದೆ ಹೇಳಿದ್ದಾಳೆ.

ನರ್ಸಮ್ಮ ಫೋನು ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ತಲೆಯಲ್ಲಲ್ಲ, ಗಿಡದಲ್ಲಿ ಅಂದೆ. ಆಚೆ ಕಡೆ ಮೌನ. ಇಂಗ್ಲಿಷಿನಲ್ಲೂ ಇವಕ್ಕೆ ಹಿಂದೆ 'ಪ್ಲಾಂಟ್ ಲೈಸ್' ಅಂತಲೇ ಹೆಸರಿತ್ತು ಎಂದು ಮಾವನ ಧಾಟಿಯಲ್ಲಿ ವಿವರಿಸಿದೆ. ಮೌನ ಇನ್ನೂ ಉದ್ದವಾಯಿತು. "ತಾತ ನೆಕ್ಕಿದ್ದು?" ಎಂದು ಆಕೆ ಮೆಲ್ಲಗೆ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಮಗಳ ತಲೆಯನ್ನು ಅಂದೇ ಕಡ್ಡಿಯಲ್ಲಿ ಬಿಡಿಸಿ ಬಿಡಿಸಿ ನೋಡಿದರಂತೆ; ಒಂದೂ ಸಿಗಲಿಲ್ಲ.

ಏಪ್ರಿಲಿನಲ್ಲಿ ಅತ್ತೆ ಮಾವ ಮಂಡ್ಯಕ್ಕೆ ಹೊರಟರು. ಹೋಗುವ ಮುಂಚೆ ಮಾವ ಗಿಡವನ್ನು ಮೊಳಕಾಲೆತ್ತರಕ್ಕೆ ಸವರಿಬಿಟ್ಟರು. ಕನ್ನಡ ಕೂಟದ ಇಬ್ಬರು ಸುದ್ದಿ ಕೇಳಿ ಮರುಗಿದರು. ಮೇ ಎರಡನೇ ವಾರ ಬೋಳು ದಂಟಿನಲ್ಲಿ ತಾಮ್ರದ ಬಣ್ಣದ ಚಿಗುರು. ವಿಡಿಯೊ ಕರೆ ಮಾಡಿ ತೋರಿಸಿದೆ. ಮಗಳೂ ಕುಂಡದ ಪಕ್ಕ ಬಂದು ಕೂತಳು.

"ಎಲೆ ತಿರುಗ್ಸು," ಅಂದರು ಮಾವ. "ಅಡೀಗೆ. ಇನ್ನೂ ಹತ್ರ. ಹಾಂ... ಒಂದೂ ಇಲ್ಲ. ಭೇಷ್."

ಅತ್ತೆ ಅವರನ್ನು ಪಕ್ಕಕ್ಕೆ ತಳ್ಳಿ ಪರದೆಯೊಳಗೆ ಬಂದರು. ಕನ್ನಡಕ ಏರಿಸಿ ದಿಟ್ಟಿಸಿದರು.

"ಗಿಡ ಅಂಗಿರ್ಲಿ. ಪುಟ್ಟಿ ಆಗ್ಲಿಂದ ಯಾಕಮ್ಮ ತಲೆ ಕೆರ್ಕೊತಾವ್ಳೆ? ಜಡೆ ಬಿಚ್ಚು. ಕಿವಿ ಹಿಂದೆ ಫೋನು ಹಿಡಿ."