ಮೂರೂವರೆ ನಂಬರಿನ ರಾಯರು

ಮಿಷಿಗನ್ನಿನ ನೋವೈ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿ ನಿಂತಿರುವಾಗ ಪಕ್ಕದವರು ನಿಮ್ಮ ಕಣ್ಣು ಬಿಟ್ಟು ಗದ್ದವನ್ನೇ ದಿಟ್ಟಿಸುತ್ತಿದ್ದರೆ, ಅವರು ನಮ್ಮ ಸೌತ್‌ಫೀಲ್ಡಿನ ರಾಯರೇ ಎಂದು ತಿಳಿಯಬಹುದು. ಕುಶಲಪ್ರಶ್ನೆ, ಮಕ್ಕಳ ಓದು, ಊರಲ್ಲಿ ಮಳೆಯಾಯಿತೋ ಇಲ್ಲವೋ, ಇವೆಲ್ಲ ಆಮೇಲೆ. ಅವರ ಮೊದಲ ಮಾತು, "ಮ್ಯಾಕ್ ತ್ರೀನಾ?"

ಹೌದೆಂದರೆ ಮುಗಿಯಿತು. "ಅಂದ್ಕೊಂಡೆ. ಕತ್ತಿನ ಎಡಗಡೆ ಕೆಂಪಗೆ ದದ್ದು ಎದ್ದಿದೆ ನೋಡಿ. ಮೂರು ಬ್ಲೇಡನ್ನ ಒಂದರ ಹಿಂದೆ ಒಂದು ಎಳೆದರೆ ಚರ್ಮ ಏನಾಗಬೇಕು?" ಅಷ್ಟರಲ್ಲಿ ಅರ್ಚಕರು ಶಠಾರಿ ಹಿಡಿದು ಬಂದಿರುತ್ತಾರೆ. ರಾಯರು ತಲೆ ಬಗ್ಗಿಸುತ್ತಾರೆ, ಬಗ್ಗಿಸಿದ ತಲೆಯಲ್ಲೇ ಓರೆಗಣ್ಣಿನಿಂದ ಅರ್ಚಕರ ಕೆನ್ನೆಯನ್ನೂ ನೋಡಿಕೊಳ್ಳುತ್ತಾರೆ. ಅರ್ಚಕರದು ಒಳ್ಳೆಯ ಶೇವ್ ಎಂಬುದು ಅವರ ಅಭಿಪ್ರಾಯ. "ಸಿಂಗಲ್ ಬ್ಲೇಡೇ. ವಿಚಾರಿಸಿದ್ದೀನಿ."

ಪಂಪ ಕನ್ನಡ ಕೂಟದ ಸಮಾರಂಭಗಳಿಗೆ ಹೋದರೆ ಈ ಪೈಕಿಯವರು ಬೇಕಾದಷ್ಟು ಸಿಗುತ್ತಾರೆ. ಮನೆ ಸಾಲ ತೀರಿ, ಮಕ್ಕಳ ಕಾಲೇಜು ಮುಗಿದು, ತಲೆಯಲ್ಲಿ ಸ್ವಲ್ಪ ಜಾಗ ಖಾಲಿಯಾದ ಕೂಡಲೇ ಅಲ್ಲಿ ಏನಾದರೊಂದು ಬಂದು ಕೂತುಕೊಳ್ಳುತ್ತದೆ. ಒಬ್ಬರು ಕಾಫಿಪುಡಿಗೆ ಬೀಳುವ ಚಿಕೋರಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಇನ್ನೊಬ್ಬರು ಮಿಷಿಗನ್ನಿನ ನಾಲ್ಕು ತಿಂಗಳ ಬೇಸಿಗೆಯಲ್ಲಿ ಹೀರೇಕಾಯಿ ಬೆಳೆದೇ ತೀರುವೆನೆಂದು ಮಾರ್ಚಿನಲ್ಲೇ ಬೇಸ್‌ಮೆಂಟಿನಲ್ಲಿ ದೀಪ ಹಾಕಿ ಬೀಜ ಮೊಳೆಸುತ್ತಾರೆ. ಇವರಿಂದ ನಮಗೆ ಕಾಫಿಯಾದರೂ ಹೀರೇಕಾಯಿಯಾದರೂ ಸಿಗುತ್ತದೆ. ರಾಯರಿಂದ ಸಿಗುವುದು ಉಪದೇಶ ಮಾತ್ರ.

ಮೂವತ್ತು ವರ್ಷ ಅವರು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದರು. ಸೀಟು ಹಿಂದೆ ಮುಂದೆ ಸರಿಯುತ್ತದಲ್ಲ, ಆ ಹಳಿಗೂ ಅದರ ಮೇಲಿನ ಪಟ್ಟಿಗೂ ನಡುವೆ ಎಷ್ಟು ಸಂದು ಇರಬೇಕು ಎಂದು ಅಳೆಯುವುದು ಅವರ ಕೆಲಸ. ಸಂದು ಜಾಸ್ತಿಯಾದರೆ ಗಡಗಡ, ಕಡಿಮೆಯಾದರೆ ಬಿಗಿ. ಎಷ್ಟಿರಬೇಕು ಎನ್ನುವುದನ್ನು ಡೆಟ್ರಾಯ್ಟಿನ ದೊಡ್ಡ ಕಾರು ಕಂಪನಿಯವರು ಮೊದಲೇ ನಿಶ್ಚಯಿಸಿ ಕಾಗದದಲ್ಲಿ ಬರೆದು ಕಳಿಸಿರುತ್ತಿದ್ದರು. ರಾಯರು ಅಳೆದು ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು. ಅವರು ಒಂದು ಸಂದನ್ನೂ ಸ್ವಂತ ಬುದ್ಧಿಯಿಂದ ಬದಲಿಸಿದವರಲ್ಲ.

ಸೇಫ್ಟಿ ರೇಜರ್ ಅಂದರೂ ಒಂದು ಸಂದೇ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಬ್ಲೇಡು, ಅದರ ಕೆಳಗೊಂದು ತಡೆಪಟ್ಟಿ, ಎರಡರ ನಡುವೆ ತೆರಪು. ತೆರಪು ಕಿರಿದಾದರೆ ಬ್ಲೇಡು ಸಾಧು, ಹಿರಿದಾದರೆ ಉಗ್ರ. ಸಾಧಾರಣ ರೇಜರಿನಲ್ಲಿ ಇದನ್ನು ಕಾರ್ಖಾನೆಯವನೇ ನಿಶ್ಚಯಿಸಿಬಿಡುತ್ತಾನೆ. ಅಡ್ಜಸ್ಟಬಲ್ ರೇಜರಿನಲ್ಲಿ ಮಾತ್ರ ನಂಬರ್ ಕೊರೆದ ಬಳೆಯೊಂದಿರುತ್ತದೆ, ತಿರುಗಿಸಿ ನಾವೇ ನಿಶ್ಚಯಿಸಬಹುದು. ನಿವೃತ್ತಿಯ ವರ್ಷ ಈ ಬಳೆ ರಾಯರ ಕೈಗೆ ಬಂತು. ಆ ಕೈ ಈವರೆಗೆ ಅದನ್ನು ಬಿಟ್ಟಿಲ್ಲ.

ಸೌತ್‌ಫೀಲ್ಡೇ ನಂಬರ್ ಹಾಕಿದ ಊರು ಎನ್ನಬೇಕು. ಡೆಟ್ರಾಯ್ಟ್ ಮುಗಿಯುವುದು 8 ಮೈಲ್ ರಸ್ತೆಗೆ. ಅಲ್ಲಿಂದ ಉತ್ತರಕ್ಕೆ ಮೈಲಿಗೊಂದರಂತೆ 9 ಮೈಲ್, 10 ಮೈಲ್, 11 ಮೈಲ್. ನಮ್ಮವರು ಬಹಳ ಮಂದಿ ಶಾಲೆ ಚೆನ್ನಾಗಿದೆ, ಅಂಗಡಿ ಹತ್ತಿರವಿದೆ ಎಂದು ಟ್ರಾಯ್, ನೋವೈ, ಕ್ಯಾಂಟನ್ ಕಡೆ ಹೊಸ ಮನೆಗಳಿಗೆ ಹೋದರು. ರಾಯರ ಹೆಂಡತಿಯೂ ಹೋಗೋಣವೆಂದರು. ರಾಯರು ಕದಲಲಿಲ್ಲ. ಕಾರಣ, ಅವರ 1950ರ ದಶಕದ ಮನೆಯ ಬಚ್ಚಲಲ್ಲಿರುವ ಕನ್ನಡಿಯ ಬೀರು. ಅದರ ಹಿಂಬದಿಯಲ್ಲಿ ಬೆರಳಗಲದ ಒಂದು ಸೀಳಿದೆ. ಹಳೇ ಅಮೆರಿಕನ್ ಮನೆಗಳಲ್ಲಿ ಸವೆದ ಬ್ಲೇಡನ್ನು ಆ ಸೀಳಿನಲ್ಲಿ ತೂರಿಸುತ್ತಿದ್ದರು, ಅದು ಗೋಡೆಯೊಳಗೆ ಬೀಳುತ್ತಿತ್ತು. ಬಿದ್ದದ್ದು ಎಲ್ಲಿಗೆ ಹೋಯಿತು, ತುಂಬಿದರೆ ಏನು ಮಾಡಬೇಕು ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಇಂಥ ಗೋಡೆ ಒಡೆಸಿದ ಎಷ್ಟೋ ಮನೆಯವರು ತುಕ್ಕು ಹಿಡಿದ ಬ್ಲೇಡಿನ ರಾಶಿ ಕಂಡು ಬೆಚ್ಚಿಬಿದ್ದಿದ್ದಾರೆ. ರಾಯರ ಮನೆಯಾಕೆಗೆ ಬಚ್ಚಲು ಹೊಸದಾಗಬೇಕು, ರಾಯರಿಗೆ ಸೀಳು ಉಳಿಯಬೇಕು. ಮಾತುಕತೆ ಇನ್ನೂ ನಡೆದಿದೆ.

ಬೀರಿನಲ್ಲಿರುವ ದೇವರುಗಳಲ್ಲಿ ಮುಖ್ಯವಾದದ್ದು ಜಿಲೆಟ್ ಕಂಪನಿಯ ಹಳೇ ಫ್ಯಾಟ್‌ಬಾಯ್. 1958ರಿಂದ 1961ರವರೆಗೆ ಮಾರಾಟವಾದದ್ದು, ಆಗಿನ ಬೆಲೆ 1 ಡಾಲರ್ 95 ಸೆಂಟ್. ಗಿಡ್ಡ ಹಿಡಿ, ದಪ್ಪ ಕತ್ತು, ಒಂದರಿಂದ ಒಂಬತ್ತರವರೆಗೆ ನಂಬರು. ಮನೆಯಾಕೆ ಇದನ್ನು ಗುಂಡ ಎಂದು ಕರೆಯುತ್ತಾರೆ. ಈ ರೇಜರುಗಳ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಒತ್ತಿರುತ್ತದೆ. ಅಕ್ಷರ ವರ್ಷವನ್ನೂ ಅಂಕಿ ಯಾವ ಮೂರು ತಿಂಗಳು ಎನ್ನುವುದನ್ನೂ ಹೇಳುತ್ತದೆ. ಎಫ್ ಅಂದರೆ 1960, ಒಂದು ಅಂದರೆ ಜನವರಿಯಿಂದ ಮಾರ್ಚ್. ರಾಯರು ಹುಟ್ಟಿದ್ದು 1960ರ ಫೆಬ್ರವರಿಯಲ್ಲಿ. ಎಫ್-1 ಹುಡುಕಿಕೊಂಡು ಅವರು ಎಷ್ಟು ಎಸ್ಟೇಟ್ ಸೇಲುಗಳಲ್ಲಿ, ಸತ್ತವರ ಬಚ್ಚಲು ಸಾಮಾನಿನ ಡಬ್ಬಗಳಲ್ಲಿ ಕೈಯಾಡಿಸಿದ್ದಾರೋ ಅವರಿಗೇ ಗೊತ್ತು. ಸಿಕ್ಕಿದ ದಿನ ನನಗೆ ಫೋನ್ ಮಾಡಿ, "ಜಾತಕ ಕೂಡಿಬಂತು" ಎಂದರು. ಮಗನಿಗೆ ಹೆಣ್ಣು ಗೊತ್ತಾಯಿತೆಂದುಕೊಂಡು ನಾನು ಅಭಿನಂದನೆ ಹೇಳಿಬಿಟ್ಟೆ.

ಆ ರೇಜರನ್ನು ಮೊದಲು ಕೊಂಡವನು ನಾರ್ತ್‌ಲ್ಯಾಂಡ್ ಮಾಲಿನ ಹಡ್ಸನ್ಸ್ ಅಂಗಡಿಯಲ್ಲೇ ಕೊಂಡಿರಬೇಕು ಎಂದು ರಾಯರು ನಂಬಿದ್ದಾರೆ. ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಮಾಲು ಅದು, ಸೌತ್‌ಫೀಲ್ಡಿನಲ್ಲಿ 1954ರಲ್ಲಿ ತೆರೆದು 2015ರಲ್ಲಿ ಮುಚ್ಚಿತು. ಪುರಾವೆ ಕೇಳಬೇಡಿ. ಅದೇ ಊರು, ಅದೇ ಕಾಲ, ಇನ್ನೇನು ಬೇಕು ಎನ್ನುತ್ತಾರೆ, ಜೀವಮಾನವೆಲ್ಲ ಪುರಾವೆಯಿಲ್ಲದೆ ಒಂದು ಸ್ಕ್ರೂ ಕೂಡ ಒಪ್ಪದ ಮನುಷ್ಯ.

ಕಂಪನಿ ಕಟ್ಟಿದ ಕಿಂಗ್ ಜಿಲೆಟ್‌ನ ಕಥೆಯನ್ನು ಅವರು ಬಾಯಲ್ಲಿ ನೀರೂರುವಂತೆ ಹೇಳುತ್ತಾರೆ. ಮಾರಾಟ ಶುರುವಾದ 1903ರಲ್ಲಿ ಹೋದದ್ದು ಬರೀ 51 ರೇಜರ್, ಮರುವರ್ಷ ತೊಂಬತ್ತು ಸಾವಿರ. ಅಷ್ಟು ತೆಳುವಾದ ಉಕ್ಕಿಗೆ ಹದ ಕೊಡಲು ಆಗುವುದೇ ಇಲ್ಲ ಎಂದು ಬಲ್ಲವರೆಲ್ಲ ಕೈಚೆಲ್ಲಿದ್ದರು. ಹದ ಹಿಡಿದವನು ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್. "ಹೆಸರು ಯಾರದ್ದು ಬಂತು ನೋಡಿ. ಇಂಜಿನಿಯರ್ ಹಣೆಬರಹ ಆಗಲೂ ಇಷ್ಟೇ." ಜಿಲೆಟ್ 1894ರಲ್ಲಿ ಪುಸ್ತಕವೊಂದನ್ನು ಬರೆದು, ಅಮೆರಿಕದವರೆಲ್ಲ ನಯಾಗರಾ ಜಲಪಾತದ ಹತ್ತಿರ ಒಂದೇ ಮಹಾನಗರ ಕಟ್ಟಿಕೊಂಡು ಪೈಪೋಟಿಯಿಲ್ಲದೆ ಬದುಕಬೇಕು ಎಂದು ವಾದಿಸಿದ್ದ. ರಾಯರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಶೇವ್ ಸರಿಯಾದರೆ ಮನುಷ್ಯನಿಗೆ ಇಂಥ ಯೋಚನೆ ಬರುವುದು ಸಹಜವಂತೆ. ಆಮೇಲಿನದು ಕಲಿಯುಗ: 1971ರಲ್ಲಿ ಎರಡು ಬ್ಲೇಡು, 1998ರಲ್ಲಿ ಮೂರು, 2006ರಲ್ಲಿ ಐದು.

ನಿತ್ಯ ಬಳಕೆಗೆ ಮಾತ್ರ ಗುಂಡನಲ್ಲ, ಜರ್ಮನಿಯ ಮರ್ಕುರ್ ಪ್ರೋಗ್ರೆಸ್. ಗುಂಡನ ಬಳೆ ನಂಬರಿನಿಂದ ನಂಬರಿಗೆ ಟಕ್ ಎಂದು ಕೂರುತ್ತದೆ. ಪ್ರೋಗ್ರೆಸ್ಸಿನ ಗುಬಟು ಒಂದರಿಂದ ಐದರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ರಾಯರ ಸುಖದ ಜಾಗ ಮೂರೂವರೆ. ಮೂರಕ್ಕೆ ಇಟ್ಟರೆ ಮಧ್ಯಾಹ್ನಕ್ಕೇ ಕೆನ್ನೆ ತರಿತರಿ, ನಾಲ್ಕಕ್ಕೆ ಇಟ್ಟರೆ ಗಂಟಲ ಮಣಿಯ ಹತ್ತಿರ ರಕ್ತ. ಇದನ್ನು ಕಂಡುಹಿಡಿದ ಚಳಿಗಾಲದಲ್ಲಿ ಅವರು ಕೂಟದ ಎಲ್ಲ ಕಾರ್ಯಕ್ರಮಗಳಿಗೂ ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಬಂದರು.

ಅವರ ಬೆಳಗಿನ ವಿಧಿಯಲ್ಲಿ ತಪ್ಪು ಹುಡುಕುವುದು ಕಷ್ಟ, ನಾನು ಹುಡುಕಿದ್ದೇನೆ. ಮೊದಲು ಬಿಸಿನೀರಿನ ಸ್ನಾನ, ಕೂದಲು ನೀರು ಕುಡಿದು ಮೆತ್ತಗಾಗಲಿ ಎಂದು. ಬ್ರಷ್ಷಿಗೆ ಸೋಪು ಹತ್ತಿಸಿ, ಬಟ್ಟಲಲ್ಲಿ ಹನಿಹನಿ ನೀರು ಬಿಟ್ಟು ತಿರುವಿದರೆ ಗುಳ್ಳೆಯಿಲ್ಲದ ನೊರೆ ಏಳಬೇಕು. ಒಣ ನೊರೆಯಲ್ಲಿ ಬ್ಲೇಡು ತಡವರಿಸುತ್ತದೆ. ರೇಜರನ್ನು ಕೆನ್ನೆಗೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಮೊದಲ ಸುತ್ತು. ಮತ್ತೆ ನೊರೆ, ಅಡ್ಡಡ್ಡ ಎರಡನೇ ಸುತ್ತು. ಧೈರ್ಯವಿದ್ದರೆ ಎದುರು ದಿಕ್ಕಿನ ಮೂರನೆಯದು. ಕೊನೆಗೆ ತಣ್ಣೀರು, ಪಟಿಕ. ಈ ಎಲ್ಲದರ ಮೇಲೆ ಒಂದು ನಿಯಮ: ಒತ್ತಬಾರದು. ರೇಜರಿನ ತೂಕವೇ ಕೆಲಸ ಮಾಡಬೇಕು, ಕೈ ದಾರಿ ತೋರಿಸಬೇಕು ಅಷ್ಟೆ. ಒತ್ತದವನಿಗೆ ಎರಡಾದರೂ ಒಂದೇ, ಐದಾದರೂ ಒಂದೇ. ಒತ್ತುವವನನ್ನು ಯಾವ ನಂಬರೂ ಕಾಯುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ರಾಯರೇ. ಹೇಳುತ್ತಿರುವಾಗಲೂ ಅವರ ಬೆರಳು ಗುಬಟು ತಿರುಗಿಸುತ್ತಲೇ ಇತ್ತು. ಬ್ಲೇಡು ಯಾವುದು, ಎಷ್ಟನೇ ಸಲ, ಯಾವ ನಂಬರು, ಎಲ್ಲಿ ಉರಿ, ಇಷ್ಟೂ ಸ್ಪ್ರೆಡ್‌ಶೀಟಿನಲ್ಲಿ ದಾಖಲಾಗುತ್ತದೆ.

ಹೋದ ಬೇಸಿಗೆಯಲ್ಲಿ ಹಾಸನದಿಂದ ಅವರ ಮಾವ ಬಂದರು. ಎಂಬತ್ತು ದಾಟಿದ ನಿವೃತ್ತ ಹೈಸ್ಕೂಲ್ ಮೇಷ್ಟರು. ಅವರ ರೇಜರು ಪಾಲಿಶ್ ಹೋದ ಹಿತ್ತಾಳೆಯದು, ನಂಬರಿಲ್ಲ. ಟೋಪಾಜ್ ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ನಾಲ್ಕು ಸಲ ಉಜ್ಜಿ ಮತ್ತೆ ಹಾಕಿಕೊಳ್ಳುತ್ತಿದ್ದರು. ರಾಯರಿಗೆ ಇದನ್ನು ನೋಡಲಾಗುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಕ್ಷೌರವಿಲ್ಲ. ಅಮಾವಾಸ್ಯೆ ಹಾಸನದ ಲೆಕ್ಕದಲ್ಲೋ ಸೌತ್‌ಫೀಲ್ಡಿನ ಲೆಕ್ಕದಲ್ಲೋ ಎಂಬ ಚರ್ಚೆಯಲ್ಲಿ ಒಂದು ಬೆಳಗ್ಗೆ ಪೂರ್ತಿ ಹೋಯಿತು. ಒಂದು ದಿನ ಮಾವನವರೇ ಬೀರು ತೆರೆದು ಗುಂಡನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಅಲ್ಲಾ ಅಳಿಯಂದಿರೇ, ಇದರಲ್ಲಿ ಒಂಬತ್ತು ನಂಬರ್ ಇದೆಯಲ್ಲ, ನಿಮಗೆ ಗಡ್ಡ ಎಷ್ಟಿವೆ?"

"ಒಂದೇ, ಮಾವ."

"ಮತ್ತೆ?"

ಮಾರನೆಯ ದಿನ ಅವರು ಅದರಲ್ಲೇ ಮುಖಕ್ಷೌರ ಮುಗಿಸಿ ಹೊರಗೆ ಬಂದರು. ಬಳೆ ಒಂಬತ್ತಕ್ಕೆ ನಿಂತಿತ್ತು. ರಾಯರ ಎದೆ ಧಸಕ್ಕೆಂದಿತು. ಒಂಬತ್ತನ್ನು ಅವರೇ ಇನ್ನೂ ಮುಟ್ಟಿದವರಲ್ಲ. ಮಾವನ ಮುಖದಲ್ಲಿ ಗಾಯವಿರಲಿ, ಒಂದು ಗೀರೂ ಇಲ್ಲ. ನುಣ್ಣಗಿದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಾದರೆ ಕೆನ್ನೆ ಸವರಬೇಕು. ಮಾವನ ಕೆನ್ನೆ ಸವರುವ ಅಳಿಯನನ್ನು ಯಾವ ಸೀಮೆಯಲ್ಲಿ ಕಂಡಿದ್ದೀರಿ? ಎರಡು ಸುತ್ತು ಪ್ರದಕ್ಷಿಣೆ ಹಾಕಿ, ಕೊನೆಗೆ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಕಣ್ಸನ್ನೆ ಮಾಡಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಅಪ್ಪನ ಕೆನ್ನೆ ಸವರಿ, "ಮಗು ಕೆನ್ನೆ ಇದ್ದ ಹಾಗಿದೆ ಕಣ್ರೀ" ಎಂದರು. ಸಂಜೆ ನನ್ನ ಹತ್ತಿರ ರಾಯರು ಷರಾ ಬರೆದರು: "ಮಾವನವರದು ಮೆತ್ತನೆ ಗಡ್ಡ. ಲೆಕ್ಕಕ್ಕೆ ತಗೊಳ್ಳೋಕಾಗಲ್ಲ."

ಬೆಂಗಳೂರಿಗೆ ಹೋಗುವಾಗ ರೇಜರು ಕೈಚೀಲದಲ್ಲಿ, ಬ್ಲೇಡು ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ. ವಿಮಾನದೊಳಗೆ ಬಿಡಿ ಬ್ಲೇಡು ಬಿಡುವುದಿಲ್ಲ. ಕಳೆದ ಸಲ ಪೆಟ್ಟಿಗೆ ಬರುವುದು ತಡವಾಯಿತು. ತಮ್ಮನ ಫ್ಲಾಟಿನಲ್ಲಿ ಬೋರ್‌ವೆಲ್ ನೀರು, ಗಡಸು ನೀರಿಗೆ ಸೋಪು ಒಡೆದು ನೊರೆ ಏಳಲೇ ಇಲ್ಲ. ಸೋತು ಮೂಲೆಯ ಸಲೂನಿಗೆ ಹೋಗಿ ಕೂತರು. ಹುಡುಗ ಬ್ಲೇಡನ್ನು ಮಧ್ಯಕ್ಕೆ ಲಟಕ್ಕೆಂದು ಮುರಿದು, ಅರ್ಧವನ್ನು ಕ್ಷೌರದ ಕತ್ತಿಗೆ ಸಿಕ್ಕಿಸಿ, ಸಿನಿಮಾ ಹಾಡು ಗುನುಗುತ್ತಾ ಎಳೆಯತೊಡಗಿದ. ಗಂಟಲ ಹತ್ತಿರ ಬಂದಾಗ ರಾಯರಿಗೆ ತಡೆಯಲಾಗಲಿಲ್ಲ. "ಎಷ್ಟು ಆಂಗಲ್‌ನಲ್ಲಿ ಹಿಡೀತೀಯಪ್ಪ?"

"ಮಾತಾಡಬೇಡಿ ಸಾರ್, ಕುಯ್ದುಬಿಡುತ್ತೆ."

ರಾಯರ ಈಚಿನ ಚಿಂತೆ ವಾರಸುದಾರರದ್ದು. ಮಗ ಈಗಿನ ಹುಡುಗರಂತೆ ಎದೆಮಟ್ಟ ಗಡ್ಡ ಬಿಟ್ಟಿದ್ದಾನೆ. ಎಷ್ಟು ಎಣ್ಣೆ, ಎಷ್ಟು ಬಾಚಣಿಗೆ ಎಂದು ಅವನಿಗೂ ಅವನದೇ ಸ್ಪ್ರೆಡ್‌ಶೀಟು ಇದೆಯಂತೆ, ಅದು ರಕ್ತಗುಣ. ಷಿಕಾಗೋದಲ್ಲಿ ಕೆಲಸದಲ್ಲಿರುವ ಮಗಳು ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದವಳು ಹೊರಡುವಾಗ, "ಅಪ್ಪಾ, ಆ ಸಣ್ಣ ಹಿಡೀದು ನನಗಿರಲಿ" ಎಂದು 1960ರ ದಶಕದ ಸ್ಲಿಮ್ ರೇಜರನ್ನು ಚೀಲಕ್ಕೆ ಹಾಕಿಕೊಂಡಳು. ಯಾತಕ್ಕೆ ಎಂದು ರಾಯರು ಕೇಳಿದರು. ಕಾಲಿಗೆ ಎಂದಳು. ರಾಯರು ಊಟಕ್ಕೆ ಕೂತರು, ಎದ್ದರು, ಹಿತ್ತಲಿನ ಹಿಮ ಗೋರಿದರು, ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ರಾತ್ರಿ ತಾವೇ ಷಿಕಾಗೋಗೆ ಫೋನ್ ಮಾಡಿದರು.

"ಯಾವ ನಂಬರ್ ಇಟ್ಟಿದ್ದೀಯ?"

"ಮೂರು."

"ಮೊಣಕಾಲ ಹತ್ರ ಎರಡಕ್ಕೆ ಇಳಿಸು. ತಿರುಗಿಸೋ ಮುಂಚೆ ಕೆಳಗಿನ ತಿರುಪು ಸಡಿಲ ಮಾಡ್ಕೋತೀಯ ತಾನೆ?"

"ಮಾಡ್ಕೋತೀನಪ್ಪಾ."

ಫೋನ್ ಇಟ್ಟವರೇ ಸ್ಪ್ರೆಡ್‌ಶೀಟ್ ತೆರೆದು ಹೊಸದೊಂದು ಕಾಲಂ ಸೇರಿಸಿದರು. ಅದಕ್ಕೆ ಏನು ತಲೆಬರಹ ಕೊಡಲಿ ಎಂದು ಮನೆಯಾಕೆಯನ್ನು ಕೇಳಿದರಂತೆ.

"ಏನಾದರೂ ಕೊಟ್ಕೊಳ್ಳಿ," ಎಂದರಂತೆ ಆಕೆ. "ಕೂಟದಲ್ಲಿ ಮಾತ್ರ ಯಾರಿಗೂ ತೋರಿಸಬೇಡಿ."