ತಪಾಸಣಾ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿ ಮುಗಿಸೋಣ. ವಿಷಯ: ಬಡಾವಣೆಯ ಖಾಸಗಿ ಕ್ಲಿನಿಕ್ಕಿನ ಗುಣಮಟ್ಟ ಮತ್ತು ಸುರಕ್ಷತೆಯ ತಪಾಸಣೆ. ಪ್ರಯೋಜನ: ಐದು ವರ್ಷದ ನೋಂದಣಿ ಪತ್ರ. ಅಧಿಕಾರಿ: ಜೀಪಿನಿಂದ ಇಳಿಯುವವರು. ಸಂಬಂಧ: ಕ್ಲಿನಿಕ್ಕಿಗೂ ಇಲಾಖೆಗೂ ಇರುವಂಥದ್ದು, ಅದನ್ನು ಬಿಡಿಸಿ ಹೇಳುವುದು ಶಿಷ್ಟರ ಲಕ್ಷಣವಲ್ಲ.

ಈ ಶಾಸ್ತ್ರಕ್ಕೆ ಆಧಾರಗ್ರಂಥಗಳ ಕೊರತೆಯಿಲ್ಲ. ಪ್ರಾಚೀನರದು 1976ರ ಖಾಸಗಿ ನರ್ಸಿಂಗ್ ಹೋಂ ನಿಯಂತ್ರಣ ಕಾಯ್ದೆ. ಅದನ್ನು ಬದಿಗೆ ಸರಿಸಿ 2007ರಲ್ಲಿ ಬಂದದ್ದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಭಕ್ತರ ಬಾಯಲ್ಲಿ ಕೆಪಿಎಂಇ. 2009ರ ನಿಯಮಗಳು ಅದರ ಭಾಷ್ಯ. 2017ರ ನವೆಂಬರಿನಲ್ಲಿ, ರಮೇಶ್ ಕುಮಾರ್ ಅವರು ಆರೋಗ್ಯ ಸಚಿವರಾಗಿದ್ದಾಗ, ಬೆಳಗಾವಿ ಅಧಿವೇಶನದ ಹೊತ್ತಿಗೆ ತಿದ್ದುಪಡಿಯ ಮೇಲೆ ನಡೆದ ವಾದದಷ್ಟು ದೊಡ್ಡ ವಾದ ಈ ಶಾಸ್ತ್ರದ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಖಾಸಗಿ ವೈದ್ಯರು ಹೊರರೋಗಿ ವಿಭಾಗಕ್ಕೆ ಬೀಗ ಹಾಕಿ ಪೂರ್ವಪಕ್ಷ ಮಂಡಿಸಿದರು. ರೋಗಿಗಳು ಯಾವ ಪಕ್ಷಕ್ಕೂ ಸೇರದೆ ಸರ್ಕಾರಿ ಆಸ್ಪತ್ರೆಯ ಸಾಲಿಗೆ ಸೇರಿದರು. ಕೊನೆಗೆ ಮಸೂದೆ ಒಂದಿಷ್ಟು ಮೆತ್ತಗಾಗಿ ಪಾಸಾಯಿತು. ಈಗ ಜಿಲ್ಲೆಗೊಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ.

ಇನ್ನು ಪ್ರಮಾಣ ವಿಚಾರ. ಒಂದು ಕ್ಲಿನಿಕ್ಕು ಸುರಕ್ಷಿತವೆಂದು ತಿಳಿಯುವುದು ಹೇಗೆ? ಚಾರ್ವಾಕರಿಗೆ ಪ್ರಮಾಣ ಒಂದೇ, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೆ ಆರು. ತಪಾಸಣಾ ತಂಡ ಸ್ವಭಾವತಃ ಭಾಟ್ಟ ಮತದ್ದು. ಊಟದ ಹೊತ್ತು ಹತ್ತಿರವಾದರೆ ಚಾರ್ವಾಕ.

ಮೊದಲನೆಯದು ಪ್ರತ್ಯಕ್ಷ. ಕಣ್ಣಿಗೆ ಮೊದಲು ಬೀಳುವುದು ಬೋರ್ಡು. ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು. ಮೇಲೆ ನೋಂದಣಿ ಸಂಖ್ಯೆ. ಒಳಗೆ ದರಪಟ್ಟಿ ಇರಬೇಕು, ರೋಗಿಯ ಹಕ್ಕುಗಳ ಪಟ್ಟಿ ಇರಬೇಕು. ಇರುತ್ತವೆ. ದರಪಟ್ಟಿ ಕ್ಯಾಲೆಂಡರಿನ ಹಿಂದೆ ಇದ್ದರೂ ಇದ್ದಂತೆಯೇ, ಏಕೆಂದರೆ ಕ್ಯಾಲೆಂಡರನ್ನು ಸರಿಸಿದರೆ ಕಾಣುತ್ತದೆ.

ಎರಡನೆಯದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಊಹಿಸುವುದು ಹಳಬರ ಉದಾಹರಣೆ. ನಮ್ಮದು ಫಿನಾಯಿಲ್. ಎಲ್ಲೆಲ್ಲಿ ಬೆಳಗಿನ ಎಂಟಕ್ಕೇ ಫಿನಾಯಿಲ್ ವಾಸನೆಯೋ ಅಲ್ಲಲ್ಲಿ ಅಂದು ಇನ್‌ಸ್ಪೆಕ್ಷನ್. ಇದಕ್ಕೆ ಅಪವಾದ ಈವರೆಗೆ ಕಂಡಿಲ್ಲ. ಮುನ್ಸೂಚನೆಯಿಲ್ಲದ ತಪಾಸಣೆಗೆ ಮುನ್ನಾದಿನವೇ ನೆಲ ತೊಳೆಯುವುದು ಹೇಗೆ ಎಂದು ಆಕ್ಷೇಪಿಸುವವರುಂಟು. ಪಕ್ಕದ ಕ್ರಾಸಿನ ಮೆಡಿಕಲ್ ಸ್ಟೋರಿನವನಿಗೆ ಫೋನಿದೆ ಎಂಬುದನ್ನು ಇಂಥವರು ಮರೆಯುತ್ತಾರೆ. ಪಾಶ್ಚಾತ್ಯರೂ ಇದನ್ನು ಗಮನಿಸದೆ ಬಿಟ್ಟಿಲ್ಲ. ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗಗಳ ಹೆಸರಿನಲ್ಲಿ ಒಂದು ಸೂತ್ರವನ್ನೇ ಕಟ್ಟಿದ್ದಾರೆ: ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ಮನುಷ್ಯ ಚೆನ್ನಾಗಿ ಕೆಲಸ ಮಾಡುತ್ತಾನೆ. ನಮ್ಮ ಸಿಸ್ಟರ್‌ಗಳಿಗೆ ಇದು ಪ್ರಯೋಗವಿಲ್ಲದೆ ಗೊತ್ತಿತ್ತು.

ಮೂರನೆಯದು ಉಪಮಾನ. ಹಸುವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಕಂಡು ಇದು ಹಸುವಿನಂತಿದೆ ಎಂದು ಗುರುತಿಸುತ್ತಾನಷ್ಟೆ? ಇಂಗ್ಲೆಂಡಿನ ಗವಯದ ಹೆಸರು ಕೇರ್ ಕ್ವಾಲಿಟಿ ಕಮಿಷನ್. 2009ರಿಂದ ನಡೆಯುತ್ತಿರುವ ಈ ಸಂಸ್ಥೆ ಅಲ್ಲಿನ ಬಡಾವಣೆಯ ಡಾಕ್ಟರಿಗೂ ಐದು ಪ್ರಶ್ನೆ ಹಾಕುತ್ತದೆ: ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯುಂಟೇ, ರೋಗಿಯ ಅಗತ್ಯಕ್ಕೆ ಸ್ಪಂದಿಸುತ್ತೀರಾ, ಆಡಳಿತ ನೆಟ್ಟಗಿದೆಯೇ. ಆಮೇಲೆ ನಾಲ್ಕರಲ್ಲಿ ಒಂದು ದರ್ಜೆ ಕೊಡುತ್ತದೆ. ದರ್ಜೆಯನ್ನು ಬಂದವರಿಗೆಲ್ಲ ಕಾಣುವಂತೆ ಹಾಕಬೇಕು. 2024ರಲ್ಲಿ ಡಾ. ಪೆನ್ನಿ ಡ್ಯಾಷ್ ಎಂಬವರು ತಪಾಸಕರನ್ನೇ ತಪಾಸಣೆ ಮಾಡಿದರು. ಹಿಂದೆ ಒಮ್ಮೆಯೂ ಆಸ್ಪತ್ರೆಯೊಳಗೆ ಕಾಲಿಡದವರು ಆಸ್ಪತ್ರೆಗಳಿಗೆ ಅಂಕ ಹಾಕಿದ್ದುಂಟು ಎಂಬುದು ಅವರಿಗೆ ತಿಳಿದುಬಂತು. ಆರೋಗ್ಯ ಸಚಿವ ವೆಸ್ ಸ್ಟ್ರೀಟಿಂಗ್ ಆ ಸಂಸ್ಥೆ ತನ್ನ ಕೆಲಸಕ್ಕೆ ಯೋಗ್ಯವಾಗಿಲ್ಲವೆಂದು ಸಾರಿದರು. ಈ ಸಾದೃಶ್ಯ ಕಂಡು ನಮ್ಮ ಇಲಾಖೆಯವರಿಗೆ ಎಷ್ಟು ಸಮಾಧಾನವಾಗಿರಬೇಕೆಂದು ಓದುಗರೇ ಊಹಿಸಲಿ.

ನಾಲ್ಕನೆಯದು ಶಬ್ದ. ಶಬ್ದವೆಂದರೆ ಇಲ್ಲಿ ರಿಜಿಸ್ಟರು. ಅದು ಅಪೌರುಷೇಯ: ಯಾರು ಬರೆದರೆಂದು ಯಾರಿಗೂ ಗೊತ್ತಿರುವುದಿಲ್ಲ. ಮುಂದೆ ಹೋಗೋಣ, ಏಕೆಂದರೆ ಈ ಶಾಸ್ತ್ರದ ತಿರುಳಿರುವುದು ಐದನೆಯದರಲ್ಲಿ.

ಅದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಒಪ್ಪಲೇಬೇಕು. ಸಾವಿರಾರು ವರ್ಷ ಉಂಡ ಮೇಲೆ ದೇವದತ್ತ ಈಗ ಎಂಬಿಬಿಎಸ್ ಮುಗಿಸಿ ಬಸ್‌ಸ್ಟ್ಯಾಂಡ್ ಹಿಂದೆ ಕ್ಲಿನಿಕ್ಕು ಇಟ್ಟಿದ್ದಾನೆಂದು ಭಾವಿಸೋಣ. ಅವನ ಫ್ರಿಜ್ಜಿನಲ್ಲಿ ಲಸಿಕೆಗಳಿವೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿರಬೇಕು, ದಿನಕ್ಕೆರಡು ಸಲ ಉಷ್ಣತೆ ಬರೆದಿಡಬೇಕು. ಬರೆದಿದೆ. ಜನವರಿಯಲ್ಲಿ ಬೆಳಿಗ್ಗೆ 4, ಸಂಜೆ 4. ಊರಿಗೆಲ್ಲ ಕರೆಂಟಿಲ್ಲದ ಏಪ್ರಿಲ್ ಮಧ್ಯಾಹ್ನಗಳ ನಂತರವೂ 4. ಫೆಬ್ರವರಿ 30ರಂದೂ 4. ಎಲ್ಲಾ ಒಂದೇ ಪೆನ್ನು, ಒಂದೇ ಓರೆ. ಫ್ರಿಜ್ಜನ್ನು ದಿನವೂ ನೋಡಿದಂತಿಲ್ಲ, ರಿಜಿಸ್ಟರು ಮಾತ್ರ ಭರ್ತಿಯಾಗಿದೆ. ಆದ್ದರಿಂದ ರಾತ್ರಿ ಭರ್ತಿಯಾಯಿತು, ಅದೂ ಒಂದೇ ರಾತ್ರಿ. ಫ್ರಿಜ್ಜಿನ ಬಾಗಿಲಿನಲ್ಲಿ ಲಸಿಕೆ ಇಡಬಾರದೆಂಬ ವಿಧಿಯನ್ನು ದೇವದತ್ತ ಪಾಲಿಸಿದ್ದಾನೆ. ಬಾಗಿಲಿನಲ್ಲಿ ಇಡ್ಲಿ ಹಿಟ್ಟಿದೆ.

ಇದೇ ಪ್ರಮಾಣದಿಂದ ಸೂಚೀಗತಿಯನ್ನೂ ತಿಳಿಯಬಹುದು. ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಅದರ ಅವಯವಗಳು ಎಲ್ಲೆಲ್ಲಿಗೆ ಹೋಗಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಧಿಸಿವೆ. ಸೂಜಿ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಸೂಜಿ ಕಳೆದ ಸಿರಿಂಜು ಕೆಂಪು ಚೀಲಕ್ಕೆ. ಗಾಜಿನ ವಯಲ್ ನೀಲಿಗೆ. ರಕ್ತ ಒರೆಸಿದ ಹತ್ತಿ ಹಳದಿಗೆ. ಸುತ್ತಿದ ಕಾಗದ ಮಾತ್ರ ಸಾಮಾನ್ಯ ಕಸಕ್ಕೆ. ಮನುಷ್ಯನಿಗೂ ಸತ್ತ ಮೇಲೆ ಇಷ್ಟು ಗತಿಗಳಿಲ್ಲ. ಹಳದಿಗೆ ಹೋದದ್ದು 48 ಗಂಟೆಗಿಂತ ಹೆಚ್ಚು ಕ್ಲಿನಿಕ್ಕಿನಲ್ಲಿ ಉಳಿಯಬಾರದು. ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿ ಬಂದು ಒಯ್ಯಬೇಕು.

ದೇವದತ್ತನಲ್ಲಿ ನಾಲ್ಕೂ ಬಣ್ಣಗಳಿವೆ. ಸಾಲಾಗಿವೆ, ಲೇಬಲ್ ಇದೆ, ಧೂಳಿಲ್ಲ. ಒಳಗೆ ಏನೂ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಹನ್ನೊಂದು ಜನ ತೋಳು ಉಜ್ಜಿಕೊಳ್ಳುತ್ತಿದ್ದಾರೆ. ಬರಿಯ ಮಾತ್ರೆ ಬರೆದುಕೊಟ್ಟರೆ ‘ಒಂದು ಸೂಜಿ ಹಾಕಿ ಡಾಕ್ಟ್ರೇ’ ಎಂದು ಅವರೇ ಕೇಳಿ ಹಾಕಿಸಿಕೊಂಡವರು. ಹಾಗಾದರೆ ಸೂಜಿಗಳೆಲ್ಲಿ? ಒಂದು ಪಕ್ಷ: ಮುನಿಸಿಪಾಲಿಟಿ ಗಾಡಿಗೆ. ಇನ್ನೊಂದು ಪಕ್ಷ: ಹಿತ್ತಲಿನ ಚರಂಡಿಗೆ. ಮೂರನೆಯ ಪಕ್ಷ: ಅವು ಹೋಗಿಯೇ ಇಲ್ಲ, ಮುಂದಿನ ತೋಳಿಗೆ ಕಾಯುತ್ತಿವೆ. ಈ ಮೂರನೆಯದನ್ನು ಹೇಳುವಾಗ ಅಣಕಿಸುವ ದನಿಯೂ ಸ್ವಲ್ಪ ತಡವರಿಸುತ್ತದೆ, ಏಕೆಂದರೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಇದೇ ದಾರಿಯಲ್ಲಿ ಬರುತ್ತವೆ. ತಪಾಸಣಾ ವರದಿಯಲ್ಲಿ ‘ಡಬ್ಬಿಗಳು ಸ್ವಚ್ಛವಾಗಿವೆ’ ಎಂದಿದೆ. ಸುಳ್ಳೇನಲ್ಲ.

ಆರನೆಯದು ಅನುಪಲಬ್ಧಿ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಇಲ್ಲಿ ಕಾಣದಿರುವುದು ಕೈ ತೊಳೆದ ಗುರುತು. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಎಂದಾಗ ಬಾಣಂತಿಯರ ಸಾವು ತಟ್ಟನೆ ಇಳಿಯಿತು; ಸಹೋದ್ಯೋಗಿಗಳು ಸಿಟ್ಟಾದರು. ದೇವದತ್ತನ ಸಿಂಕಿನ ಮೇಲೆ ಕೈ ತೊಳೆಯುವ ಕ್ರಮದ ಚಿತ್ರ ಲ್ಯಾಮಿನೇಷನ್ ಸಮೇತ ಇದೆ. ಕೆಳಗೆ ಸೋಪಿದೆ, ಬಿರುಕು ಬಿಟ್ಟಿದೆ. ಸೋಪು ಇದೆಯೇ ಎಂದು ನಮೂನೆ ಕೇಳುತ್ತದೆ, ಕೊನೆಯ ಸಲ ಒದ್ದೆಯಾದದ್ದು ಯಾವಾಗ ಎಂದು ಕೇಳುವುದಿಲ್ಲ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. ಡಿಗ್ರಿಯೇ ಇಲ್ಲದೆ ಎರಡು ಬೀದಿ ಆಚೆ ಗ್ಲೂಕೋಸ್ ಏರಿಸುತ್ತಿರುವವನಿಗೆ ಈ ಆರು ಪ್ರಮಾಣಗಳು ಅನ್ವಯಿಸುತ್ತವೆಯೇ? ಇಲ್ಲ. ಅರ್ಜಿ ಹಾಕಿದವನಿಗೆ ತಪಾಸಣೆ. ಹಾಕದವನಿಗೆ ದಾಳಿ. ದಾಳಿಯ ದಿನ ಶಟರು ಕೆಳಗಿರುತ್ತದೆ, ಶಟರಿಗೆ ಸೀಲು ಬೀಳುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ, ಮುಂದಿನ ತಿಂಗಳು ಪಕ್ಕದ ಬೀದಿಯಲ್ಲಿ ಇನ್ನೊಂದು ಶಟರು ಮೇಲೇಳುತ್ತದೆ. ನೋಂದಾಯಿಸಿಕೊಂಡವನು ಬೋರ್ಡಿನ ನೀಲಿ ಸಾಕಷ್ಟು ತಿಳಿಯಾಗಿಲ್ಲವೆಂದು ನೋಟಿಸಿಗೆ ಉತ್ತರ ಬರೆಯುತ್ತಾ ಕೂತಿರುತ್ತಾನೆ.

ರೋಗಿಗಳಿಗೆ ತಮ್ಮದೇ ಒಂದು ಪ್ರಮಾಣವಿದೆ: ಕೈಗುಣ. ಜ್ವರ ಎರಡು ದಿನದಲ್ಲಿ ಬಿಟ್ಟರೆ ಇದೆ, ಬಿಡದಿದ್ದರೆ ಇಲ್ಲ. ಬಹುಪಾಲು ವೈರಲ್ ಜ್ವರ ತಾನಾಗಿಯೇ ಬಿಡುವುದರಿಂದ ನಮ್ಮ ಊರುಗಳಲ್ಲಿ ಕೈಗುಣವುಳ್ಳ ಡಾಕ್ಟರುಗಳ ಸಂಖ್ಯೆ ದೊಡ್ಡದು.

ಸಿದ್ಧಾಂತ ಇಷ್ಟೆ: ಕಾಣಿಸಲು ಇಟ್ಟದ್ದನ್ನು ಕಂಡು ಬರುವುದೇ ತಪಾಸಣೆ. ನೋಂದಣಿಗೆ ಐದು ವರ್ಷ ಆಯಸ್ಸಿದೆ. ಈ ನಡುವೆ ಕ್ಲಿನಿಕ್ಕಿಗೆ ಹೋಗಿ ಬರುವವರು ನೀವೇ. ಮುಂದಿನ ಸಲ ತೋಳು ಒಡ್ಡುವ ಮೊದಲು ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಹರಿಯಲು ಹೇಳಿ, ಸೂಜಿ ಯಾವ ಡಬ್ಬಿಗೆ ಬಿತ್ತೆಂದು ನೋಡಿ. ಸಿಸ್ಟರ್ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.